ಮೆಟ್ಟಿಲಿಲ್ಲದ ಪ್ರಾಗ್

ಹಸನಾಕನಿಗೆ ಪ್ರಾಗ್ ನಗರದ ಟ್ರಾಮು, ದೋಣಿಗಳೆಲ್ಲ ಬಾಯಿಪಾಠ. ಆದರೆ ಅಲ್ಲಿನ ಒಂದೇ ಒಂದು ಮೆಟ್ಟಿಲು ಅವರಿಗೆ ಗೊತ್ತಿರಲಿಲ್ಲ. ಕುವೈತಿನ ಮನೆಯೊಂದರಲ್ಲಿ ಡ್ರೈವರ್ ಆಗಿದ್ದಾಗ, ಚಿಕಿತ್ಸೆಗೆಂದು ಪ್ರಾಗ್‌ಗೆ ಹೋಗುತ್ತಿದ್ದ ಆ ಮನೆಯ ಮುದುಕಿಯನ್ನು ನಾಲ್ಕು ಬೇಸಿಗೆ ಗಾಲಿಕುರ್ಚಿಯಲ್ಲಿ ಕೂರಿಸಿ ಆ ಊರೆಲ್ಲ ತಳ್ಳಿದ್ದರು. ಆಕೆಯನ್ನು ತಾಯಿಯೆಂಬಂತೆ 'ಉಮ್ಮ' ಎನ್ನುತ್ತಿದ್ದರು. ಉಮ್ಮ ತೀರಿಕೊಂಡ ಮೇಲೆ ಕುವೈತಿನಲ್ಲೇ ಖೈತಾನಿನಿಂದ ರಾಯ್‌ಗೆ ನಮ್ಮ ಆಫೀಸಿನ ವ್ಯಾನ್ ಓಡಿಸಿದರು. ಉಳ್ಳಾಲದ ಬ್ಯಾರಿ, ಓದಿದ್ದು ಎರಡನೇ ಕ್ಲಾಸು.

ನಮ್ಮ ಮನೆಯಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ನನ್ನನ್ನು ಓದಿಸಲು ನೆಲದ ಮೇಲೆ ಕೂತು ಬೀಡಿ ಕಟ್ಟಿ ಕಟ್ಟಿ ಅಮ್ಮನ ಮೊಣಕಾಲು ಹೋಗಿತ್ತು. ದೂರದ ಒಂದು ಊರನ್ನಾದರೂ ಅಮ್ಮನಿಗೆ ತೋರಿಸಬೇಕೆಂಬುದು ನನ್ನ ಹಟ. ಹಸನಾಕನ ಮಾತು ಕೇಳಿ ಕೇಳಿ ಪ್ರಾಗ್ ಎಂದೇ ನಿಶ್ಚಯಿಸಿದೆ.

ಸಿಗ್ನಲ್ಲಿನಲ್ಲಿ ವ್ಯಾನ್ ನಿಂತಾಗಲೆಲ್ಲ ಪಾಠ.

"ಸ್ಟಾಪಲ್ಲಿ ಟೈಮಿನ ಬೋರ್ಡ್ ಉಂಟು. ಟೈಮಿನ ಹತ್ರ ಗಾಲಿಕುರ್ಚಿಯ ಚಿತ್ರ ಇದ್ರೆ ಮಾತ್ರ ಆ ಟ್ರಾಮ್ ಹತ್ತಿ. ಬೇರೆಯದು ಬಂದ್ರೆ ಬಿಡಿ, ಹೋಗ್ಲಿ."

"ಮೊಬೈಲಲ್ಲಿ ಎಲ್ಲ ತೋರಿಸ್ತದೆ, ಹಸನಾಕ."

"ಮೊಬೈಲಿಗೆ ಮೊಣಕಾಲು ಉಂಟಾ ಮೇಡಂ?"

ಆದರೂ ಅಮ್ಮನೊಂದಿಗೆ ಪ್ರಾಗ್‌ಗೆ ಹೋದ ಮೊದಲ ದಿನ ಮೊಬೈಲನ್ನೇ ನಂಬಿದೆ. ಹತ್ತಿರದ ದಾರಿಯೆಂದು ಅದು ನಮ್ಮನ್ನು ಕರೆದೊಯ್ದದ್ದು ಕಲ್ಲಿನ ಮೆಟ್ಟಿಲುಗಳ ಬುಡಕ್ಕೆ. ಎಂಟನೆಯದರ ಮೇಲೆ ಅಮ್ಮ ಕೂತುಬಿಟ್ಟರು.

"ನೀನು ಹೋಗಿ ನೋಡಿ ಬಾ ಮಗಾ. ನಾಳೆಯಿಂದ ನಾನು ರೂಮಲ್ಲೇ ಇರ್ತೇನೆ."

ಮರುದಿನ ಅಮ್ಮನನ್ನು ಒತ್ತಾಯದಿಂದ ಹೊರಡಿಸಿ, ಹಸನಾಕ ಹೇಳಿದಂತೆಯೇ ಮಾಡಿದೆ. ಎರಡು ಟ್ರಾಮ್ ಬಿಟ್ಟು ಮೂರನೆಯದನ್ನು ಹಿಡಿದೆವು. ಇಳಿದು, ಅವರು ಗುರುತು ಹೇಳಿದ್ದ ಇಳಿಜಾರಿನಲ್ಲಿ ನಡೆದರೆ ನದಿ. ದಡದಿಂದ ದಡಕ್ಕೆ ಜನರನ್ನು ದಾಟಿಸುವ ಸಣ್ಣ ದೋಣಿ. ಟ್ರಾಮಿನ ಟಿಕೆಟೇ ಅದಕ್ಕೂ ನಡೆಯುತ್ತದೆ. ಅಮ್ಮ ನನ್ನ ಕೈ ಬಿಟ್ಟು, ಹಲಗೆಯ ಮೇಲೆ ತಾವೇ ನಡೆದು ಹತ್ತಿದರು. ಆಚೆ ದಡದಲ್ಲಿ ಎಲ್ಲರೂ ಇಳಿದರೂ ಅವರು ಏಳಲಿಲ್ಲ.

"ಇನ್ನೊಂದ್ಸಲ ಹೋಗುವ."

ಮೂರು ಸಲ ದಾಟಿದೆವು.

ನಾನು ಕುವೈತಿಗೆ ಮರಳಿದ ವಾರವೇ ಹಸನಾಕ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ರದ್ದು ಮಾಡಿಸಿ ಊರಿಗೆ ಹೊರಡುವವರಿದ್ದರು. ಕೊನೆಯ ದಿನ ವ್ಯಾನಿನಲ್ಲಿ ಅಮ್ಮನ ದೋಣಿಯ ಕತೆ ಹೇಳಿದೆ. ಸ್ಟೇರಿಂಗ್ ತಟ್ಟಿಕೊಂಡು ನಕ್ಕರು. ನಾನು ಇಳಿಯುವಾಗ ಕೇಳಿದರು:

"ಮೇಡಂ, ಅಲ್ಲಿ ಹಳೇ ಸೇತುವೆಯ ಕೊನೆಗೆ ಗೋಪುರ ಉಂಟಲ್ಲ, ಅದರ ಮೇಲಿಂದ ಊರು ಹೇಗೆ ಕಾಣ್ತದೆ?"

"ಗೊತ್ತಿಲ್ಲ, ಹಸನಾಕ. ಅಮ್ಮನನ್ನು ಕೆಳಗೆ ಬಿಟ್ಟು ಹತ್ತಲಿಕ್ಕೆ ಮನಸ್ಸಾಗಲಿಲ್ಲ."

ಅವರು ಕನ್ನಡಿಯಲ್ಲಿ ಹಿಂದಿನ ಕಾರನ್ನು ನೋಡಿದರು.

"ಉಮ್ಮ ಹೋಗು ಹೋಗು ಅಂತ ಹೇಳ್ತಿದ್ರು. ನಾನೂ ಹೋಗ್ಲಿಲ್ಲ," ಎಂದರು. "ಯಲ್ಲಾ, ಇಳೀರಿ. ಹಿಂದಿನವ ಹಾರ್ನ್ ಹೊಡೀತಾ ಇದ್ದಾನೆ."