ಸೆಂಟ್ ಹಚ್ಚಿಕೊಂಡು ಹೋದ ಕಿವಿ

ಮೊದಲು ಬಂದದ್ದು ವಾಸನೆ. ಕೂದಲು ಸುಟ್ಟ ವಾಸನೆ. ಒಲೆ ಆರಿತ್ತು. ಮನೆಯಲ್ಲಿ ಬೇರೆ ಯಾರ ಮೂಗಿಗೂ ಬಡಿಯಲಿಲ್ಲ.

ಆಮೇಲೆ ಜ್ವರ, ತಲೆನೋವು. ಬಿಪಿ ಇಲ್ಲ, ಶುಗರ್ ಇಲ್ಲ, ಕಲ್ಲಿನಂಥ ಹೆಂಗಸು ನಾನು. ಗುಳಿಗೆ ನುಂಗಿ ಮರಳಿ ಊರಿನ ಗದ್ದೆಗೆ ನಾಟಿಗೆ ಹೋದೆ. ಬಾಯಾರಿತ್ತು. 'ನೀರು' ಎನ್ನಲು ಹೋದರೆ 'ಬಾಗಿಲು' ಎಂದು ಬಂತು. ಇನ್ನೊಮ್ಮೆ ಕೇಳಿದೆ. ಬಾಗಿಲು. ಸಾಲಿನಲ್ಲಿದ್ದ ಹೆಂಗಸರು ನಗಲಿಲ್ಲ.

ಒಬ್ಬಳು ಕೈಮುಗಿದಳು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ಗಿರಿಜಾಳ ಮೈಮೇಲೆ ಅಮ್ಮ ಬಂದಿದ್ದಾಳೆ. ಪಕ್ಕದ ಮನೆಯಾಕೆ ಕುಂಕುಮ ಹಿಡಿದು ಬಂದು ಕೂತಳು. "ತಾಯೀ, ನನ್ನ ಮಗಳ ಲಗ್ನ ಯಾವಾಗ ಆಗ್ತೈತಿ?" ತಲೆ ಸಿಡಿಯುತ್ತಿದೆ ಎಂದು ಹೇಳಬೇಕಿತ್ತು. "ಬಾಗಿಲು" ಅಂದೆ. "ಕೇಳಿದ್ರೇನು, ಬಾಗಿಲಿಗೇ ವರ ಬರ್ತಾನಂತ!" ಎಂದು ಕಾಲಿಗೆ ಬಿದ್ದಳು. ಒಳಗೆ ನನಗೆ ಪೂರ್ತಿ ಎಚ್ಚರವಿತ್ತು. ನನ್ನ ಬಾಯಿಯಲ್ಲಿ ಇನ್ಯಾರೋ ಕೂತಿದ್ದರು, ನಾನು ಅವರ ಹಿಂದೆ ನಿಂತು ಕೇಳುತ್ತಿದ್ದೆ.

ನನ್ನ ಗಂಡ ಮೈ ಮುಟ್ಟಿ ನೋಡಿ ತಮ್ಮ ತಾಯಿಗೆ ಹೇಳಿದರು: "ಯವ್ವಾ, ದೇವರಿಗೆ ಇಷ್ಟ ಜ್ವರ ಯಾಕ ಬರ್ತೈತಿ? ನಡಿ ಕೊಪ್ಪಳಕ್ಕ."

ಹೊರಡುವ ಮುಂಚೆ ಅತ್ತೆ ನನ್ನನ್ನು ಸಿಂಗರಿಸಿದರು. ನಾಲ್ಕು ಜನರ ಮುಂದೆ ಸೊಸೆಯನ್ನು ಹಾಗೇ ಒಯ್ಯುವವರಲ್ಲ ಅವರು. ಜಡೆ, ಹೂವು, ಇಸ್ತ್ರಿ ಸೀರೆ. ಚಿಕ್ಕಂದಿನಿಂದ ಸೋರುತ್ತಿದ್ದ ಎಡಗಿವಿಯಿಂದ ಹತ್ತಿ ತೆಗೆದು, ಚೆನ್ನಾಗಿ ಒರೆಸಿ, ಸೆಂಟ್ ಹಚ್ಚಿದರು.

"ಕಿವಿ ಸೋರ್ತದೇನ್ರಿ?" ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು.

"ಇಲ್ರಿ ಮೇಡಮ್. ಭಾಳ ಸ್ವಚ್ಛ ಅದಾಳ," ಅಂದರು ಅತ್ತೆ.

ಕಿವಿ ಮುಟ್ಟಿ ತೋರಿಸೋಣವೆಂದರೆ ಬಲಗೈ ಏಳಲಿಲ್ಲ. ಅದು ಮಡಿಲಲ್ಲಿ ಬೇರೆಯವರ ಕೈಯಂತೆ ಬಿದ್ದಿತ್ತು.

ಡಾಕ್ಟರ್ ಲೈಟ್ ಹಾಕಿ ಕಿವಿಯ ಹತ್ತಿರ ಬಗ್ಗಿದವರು ಅಲ್ಲೇ ನಿಂತರು. "ಕಿವಿಯೊಳಗ ಸೆಂಟ್ ಯಾಕ ಹಚ್ಚೀರಿ? ಅಮ್ಮಾರ, ಖರೇ ಹೇಳ್ರಿ. ಮುಚ್ಚಿಟ್ರ ಈಕಿ ಉಳಿಯೂದಿಲ್ಲ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. "ಸೋರ್ತೈತ್ರಿ. ನಾನ ಒರಸೀನ್ರಿ."

ತಕ್ಷಣ ಸ್ಕ್ಯಾನ್.

ಬ್ರೇನ್ ಆಬ್ಸೆಸ್. ಮೆದುಳಿನಲ್ಲಿ ಕೀವಿನ ಗಂಟು.

ಕಿವಿಯ ಬ್ಯಾಕ್ಟೀರಿಯಾ ಮೂಳೆ ಕೊರೆದುಕೊಂಡು ಮೇಲೆ ಹತ್ತಿ, ಮಾತು ಹುಟ್ಟುವ ಜಾಗದ ಪಕ್ಕದಲ್ಲೇ ಮನೆ ಮಾಡಿತ್ತಂತೆ. ನನ್ನ ಬಾಯಿಯಲ್ಲಿ ಕೂತಿದ್ದವರು ಯಾರೆಂದು ಆಗ ಗೊತ್ತಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು, ವಾರಗಟ್ಟಲೆ ಆಂಟಿಬಯಾಟಿಕ್ ಏರಿತು. ಮಾತು ಬಹುಪಾಲು ವಾಪಸ್ ಬಂದಿದೆ. ಮೊದಲು ಬಂದ ಆ ಸುಟ್ಟ ವಾಸನೆಯೂ ಒಂದು ಬಗೆಯ ಫಿಟ್ಸೇ ಅಂತೆ; ಅದರ ಗುಳಿಗೆ ಇನ್ನೂ ನಿಂತಿಲ್ಲ.

ಈಗ ಚೆಕಪ್‌ಗೆ ಅತ್ತೆಯೇ ಜೊತೆಗೆ ಬರುತ್ತಾರೆ. ಡಾಕ್ಟರ್ ಬಾಯಿ ತೆರೆಯುವ ಮೊದಲೇ ಶುರು. "ನಿನ್ನೆ ಸೀನಿದ್ಲ್ರಿ. ಮೊನ್ನೆ ಅರ್ಧ ರೊಟ್ಟಿ ಬಿಟ್ಲ್ರಿ. ಮುಂಜಾನೆ ನನ್ನ ಮ್ಯಾಲೆ ಹ್ಯಾಂಗ್ ಒದರಿದ್ಲಂತೀರಿ!"

"ಅದು ರೋಗ ಅಲ್ರಿ, ಅಮ್ಮಾರ."

"ಇರ್ಲಿ ಬಿಡ್ರಿ, ಬರಕೊಳ್ರಿ."