ಗದ್ದೆ ಬೇಲಿಯ ಗಿಟಾರ್

ಮೊದಲೇ ಹೇಳಿಬಿಡುತ್ತೇನೆ, ಹೆಗ್ಗದ್ದೆಯ ರಾಜಣ್ಣನಿಗೆ ನನ್ನ ಗಿಟಾರ್ ಮಾರಿದ್ದು ನಾನೇ, ಯಾರ ಬಲವಂತವೂ ಇರಲಿಲ್ಲ. ಆದರೆ ಮಾರಿದ ಮೇಲೆ ಮನೆಯ ಗೋಡೆಯಲ್ಲಿ ಬರೀ ಮೊಳೆ ಕಂಡಾಗಲೆಲ್ಲ ಸಂಕಟವಾಗುತ್ತಿತ್ತು. ನಾನು ಪಂಪ್‌ಸೆಟ್ ರಿಪೇರಿ ಮಾಡುವವನು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮೊನ್ನೆ ರಾಜಣ್ಣನ ಪಂಪ್ ಕೆಟ್ಟಿತೆಂದು ಹೋದಾಗ, ಗಿಟಾರ್ ವಾಪಸ್ ಕೇಳಲು ಧೈರ್ಯ ಮಾಡಿಕೊಂಡೇ ಹೋಗಿದ್ದೆ.

ಗಿಟಾರ್ ಮನೆಯೊಳಗಿರಲಿಲ್ಲ. ಪ್ಲಾಸ್ಟಿಕ್ ಹೊದಿಸಿ ಗದ್ದೆಯ ಬೇಲಿ ಕಂಬಕ್ಕೆ ಕಟ್ಟಿದ್ದರು. ಬೇಲಿ ಅಲುಗಿದರೆ, ಅದಕ್ಕೆ ತೂಗುಹಾಕಿದ್ದ ಬೋಲ್ಟ್ ಬಂದು ಗಿಟಾರಿನ ತಂತಿಗಳಿಗೆ ಬಡಿಯುತ್ತಿತ್ತು.

"ಇದೇನು ರಾಜಣ್ಣ?"

"ಆನೆಗೆ ಕಣೋ ಮಾರಾಯ. ಮುಂಚೆ ಖಾಲಿ ಡಬ್ಬ ಕಟ್ಟಿದ್ದೆ, ಆ ಸದ್ದು ಅವಕ್ಕೆ ಅಭ್ಯಾಸ ಆಗ್ಬುಡ್ತು. ಇದನ್ನ ಕೇಳಿದ್ರೆ ಹಂಗೇ ತಿರುಗಿ ಹೋಗ್ಬುಡ್ತವೆ."

"ನನಗೆ ಅದು ವಾಪಸ್ ಬೇಕಿತ್ತು..."

"ತಗೊಂಡೋಗು. ಭತ್ತ ಕೊಯ್ಲಿಗೆ ಬಂದೈತೆ. ಅದು ಮುಗಿಯೋಗಂಟ ಇಲ್ಲಿ ನೀನೇ ನಿಂತ್ಕಂಡು ಕೂಗ್ತೀಯಾ?"

ಬೇಜಾರು ಪಡಬೇಕೋ ಹೆಮ್ಮೆ ಪಡಬೇಕೋ ಇವತ್ತಿಗೂ ತಿಳಿದಿಲ್ಲ. ಪಂಪ್ ಸರಿಮಾಡಿದೆ. ಹೊರಡುವಾಗ ಮನಸ್ಸು ತಡೆಯದೆ, ಶ್ರುತಿ ಕೂಡಿಸೋಣವೆಂದು ಗಿಟಾರಿನ ಬಿರಡೆಗೆ ಕೈ ಹಾಕಿದೆ, ಅಂದರೆ ತಂತಿ ಬಿಗಿ ಮಾಡುವ ತಿರುಪಿಗೆ. ರಾಜಣ್ಣ ಗದ್ದೆಯಂಚಿನಿಂದಲೇ ಕೂಗಿದರು.

"ಮುಟ್ಬ್ಯಾಡ ಕಣೋ! ಚೆಂದಾಗಿ ಕೇಳ್ಸಿದ್ರೆ ಆನೆ ಇಲ್ಲೇ ನಿಂತ್ಕಂಬುಡ್ತವೆ. ನೀನು ಕೊಟ್ಟಾಗ ಹೆಂಗಿತ್ತೋ ಹಂಗೇ ಇರ್ಲಿ."

ಕೊಡುವ ಮುನ್ನ ಇಡೀ ಮಧ್ಯಾಹ್ನ ಕೂತು ಅದರ ಶ್ರುತಿ ಕೂಡಿಸಿದ್ದವನು ನಾನೇ. ಅದನ್ನೂ ಹೇಳಿಬಿಡುತ್ತೇನೆ.