ಇಂಚು ಒಪ್ಪದ ಯಂತ್ರ

ಎಂಬತ್ತರ ದಶಕದ ಕೊನೆಯ ವರ್ಷಗಳಿರಬೇಕು. ಚಿಕ್ಕಮಗಳೂರಿನಲ್ಲಿ ನಾನು ಭೂಗೋಳ ಕಲಿಸುತ್ತಿದ್ದ ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂದಿತ್ತು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆಗಿನ ಹೊಟ್ಟೆಯುರಿ ಮಾತ್ರ ಮೊನ್ನೆಯದರಂತಿದೆ.

ಯಂತ್ರ ಗಣಿತದ ಅಧ್ಯಾಪಕನ ವಶದಲ್ಲಿತ್ತು. ನನಗಿಂತ ಹತ್ತು ವರ್ಷ ಚಿಕ್ಕವನು. ಅದು ಪ್ರಶ್ನೆ ಕೇಳಿ, ಉತ್ತರ ತಿದ್ದಿ, ಅಲ್ಲೇ ಅಂಕ ಹೇಳುವಂತೆ ಪ್ರೋಗ್ರಾಮ್ ಬರೆದಿದ್ದ. ನಾನು ಒಂದು ಕಿರುಪರೀಕ್ಷೆ ತಿದ್ದಲು ಮೂರು ವಾರ ತೆಗೆದುಕೊಳ್ಳುತ್ತಿದ್ದೆ. ಆ ಮೂರು ವಾರ ಹುಡುಗರು ನನ್ನ ಕೋಣೆಯ ಬಾಗಿಲಲ್ಲಿ ನಿಂತು "ಆಯ್ತಾ ಸಾರ್?" ಎಂದು ಕೇಳುವುದು ನನಗೆ ಇಷ್ಟವಾಗುತ್ತಿತ್ತು. ಈಗ ಅವರೆಲ್ಲ ಅವನ ಬಾಗಿಲಲ್ಲಿದ್ದರು.

ಪ್ರಿನ್ಸಿಪಾಲರು ಒಂದು ಪ್ರಯೋಗಕ್ಕೆ ಒಪ್ಪಿದರು. ಸರಿಹೋದರೆ ಮುಂದಿನ ವರ್ಷದಿಂದ ಎಲ್ಲ ವಿಭಾಗಗಳ ಕಿರುಪರೀಕ್ಷೆಯೂ ಯಂತ್ರದಲ್ಲೇ, ಉಸ್ತುವಾರಿ ಆತನದೇ. ಪ್ರಯೋಗಕ್ಕೆ ಆತ ಆರಿಸಿದ್ದು ನನ್ನ ವಿಷಯ. "ನಿಮ್ಮ ಪ್ರಶ್ನೆಗಳು ಚೆನ್ನಾಗಿರ್ತಾವೆ ಸಾರ್" ಎಂದ. ಹೊಗಳಿಕೆಯನ್ನೂ ಅನುಮಾನದಿಂದಲೇ ಕೇಳಿದೆ.

ಹತ್ತು ಪ್ರಶ್ನೆ ಬರೆದುಕೊಟ್ಟೆ. ಕಾಫಿ ಚೆನ್ನಾಗಿ ಅರಳಲು ಎಷ್ಟು ಮಿಲಿಮೀಟರ್ ಹೂಮಳೆ ಬೇಕು ಎಂಬುದು ಅದರಲ್ಲೊಂದು. ಇಪ್ಪತ್ತೈದು ಎಂದು ತರಗತಿಯಲ್ಲಿ ನೋಟ್ಸು ಬರೆಸಿದ್ದೆ. ಪರದೆಯ ಒಂದು ಸಾಲಿನಲ್ಲಿ ಹೆಚ್ಚು ಅಕ್ಷರ ಹಿಡಿಯದ ಕಾರಣ ಆತ ಪ್ರಶ್ನೆಗಳನ್ನು ಮೊಟಕು ಮಾಡಿದ್ದ. ಹಿಂದಿನ ದಿನ ನನ್ನನ್ನು ಕೂರಿಸಿ ಎಲ್ಲವನ್ನೂ ತೋರಿಸಿದ. ಹೂಮಳೆಯ ಪ್ರಶ್ನೆಯಲ್ಲಿ ಮಿಲಿಮೀಟರ್ ಎಂಬ ಪದ ಇರಲಿಲ್ಲ.

ನಮ್ಮ ಕಡೆ ಮಳೆಯನ್ನು ಯಾರೂ ಮಿಲಿಮೀಟರಿನಲ್ಲಿ ಹೇಳುವುದಿಲ್ಲ. ಎಸ್ಟೇಟುಗಳಲ್ಲಿ ಇಂಚು, ಇಂಚಿನ ನೂರರಲ್ಲೊಂದು ಪಾಲಿಗೆ ಸೆಂಟು. ನನ್ನ ನೋಟ್ಸಿನ ಇಪ್ಪತ್ತೈದು ಮಿಲಿಮೀಟರ್ ಅಲ್ಲಿ ಒಂದಿಂಚು. ಮೂಡಿಗೆರೆ ಬಸ್ಸಿನಲ್ಲಿ ಕೂತರೆ "ನಿಮ್ಮಲ್ಲೆಷ್ಟು?" "ಎಂಬತ್ತು ಸೆಂಟು" ಎಂಬ ಮಾತೇ. ಬಯಲುಸೀಮೆಯಿಂದ ಬಂದ ಅವನಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪದ ಇಲ್ಲದ್ದನ್ನು ಆಗಲೇ ಕಂಡೆನೋ, ಆಮೇಲೆ ಹಾಗೆಂದು ಕಟ್ಟಿಕೊಂಡೆನೋ, ಎಷ್ಟೋ ಸಲ ಕೇಳಿಕೊಂಡಿದ್ದೇನೆ. "ಸರಿ ಇದೆ" ಎಂದು ಎದ್ದು ಬಂದದ್ದಂತೂ ನಿಜ.

ಮರುದಿನ ಮೊದಲ ಇಬ್ಬರು ಪೇಟೆಯ ಹುಡುಗರು. ನೋಟ್ಸು ಉರುಹೊಡೆದಿದ್ದರು, ಹತ್ತಕ್ಕೆ ಹತ್ತು. ಪ್ರಿನ್ಸಿಪಾಲರು ತಲೆದೂಗಿದರು. ಮೂರನೆಯವಳು ಗೋಣಿಬೀಡಿನ ಕಡೆಯ ಎಸ್ಟೇಟೊಂದರ ಲೆಕ್ಕಪತ್ರ ಬರೆಯುವ ರೈಟರ ಮಗಳು. ಹೂಮಳೆಯ ಪ್ರಶ್ನೆಗೆ ಒಂದು ಎಂದು ಒತ್ತಿದಳು. ತಪ್ಪು, ಇಪ್ಪತ್ತೈದು ಎಂದಿತು ಯಂತ್ರ.

"ಅದ್ಹೆಂಗೆ ತಪ್ಪು ಸಾರ್? ನಮ್ಮ ಎಸ್ಟೇಟಲ್ಲಿ ದಿನಾ ಮಳೆ ಅಳೆಯೋದು ನಾನೇ. ಒಂದಿಂಚು ಬಿದ್ರೆ ಸಾಕು. ಇಪ್ಪತ್ತೈದಿಂಚು ಬಿದ್ರೆ ಗಿಡಾನೇ ಕೊಚ್ಕೊಂಡು ಹೋಗ್ತಾವೆ!"

"ಕಂಪ್ಯೂಟರಿಗೊಂದು ಕೊಡೆ ಕೊಡ್ಸಿ ಸಾರ್" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನನ್ನ ಹೊಟ್ಟೆ ತಣ್ಣಗಾಯಿತು. ಇನ್ನು ಆತ ಯಂತ್ರದ ಪರ ವಾದಕ್ಕಿಳಿಯುತ್ತಾನೆ, ಕೆಡುತ್ತಾನೆ ಎಂದುಕೊಂಡೆ.

"ಮಿಷನ್ದಲ್ಲ ಮಾರಾಯ್ತಿ, ತಪ್ಪು ನಂದು" ಎಂದ ಆತ. ನಮ್ಮೂರಿನ ಮಾತನ್ನೂ ಆಗಲೇ ಕಲಿತುಬಿಟ್ಟಿದ್ದ! ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಳೆ ಅಳೆಯುವುದು ಹೇಗೆಂದು ಕೇಳುತ್ತಲೇ, ಇಂಚಿನ ಉತ್ತರವನ್ನೂ ಒಪ್ಪುವಂತೆ ಅಲ್ಲೇ ತಿದ್ದಿದ. ತರಗತಿಯೆಲ್ಲ ಅವನ ಕುರ್ಚಿಗೆ ಮುತ್ತಿಕೊಂಡಿತು. ಪ್ರಿನ್ಸಿಪಾಲರು, "ತಪ್ಪಾದ್ರೂ ಕೂಡ್ಲೇ ಗೊತ್ತಾಗುತ್ತಲ್ಲ, ಒಳ್ಳೇದೇ" ಎಂದು ಒಪ್ಪಿಗೆ ಕೊಟ್ಟರು.

ಆತ ನನ್ನತ್ತ ತಿರುಗಿದ. "ನೀವೂ ನೋಡಿದ್ರಲ್ಲ ಸಾರ್, ನಿಮ್ಗೂ ಕಾಣ್ಲಿಲ್ವಾ?"

"ಇಲ್ಲ" ಎಂದೆ.

"ಹೋಗ್ಲಿ ಬಿಡಿ, ಇಬ್ರಿಗೂ ಕಣ್ತಪ್ಪಿದೆ. ಇನ್ಮೇಲೆ ಎಲ್ಲಾ ಪ್ರಶ್ನೆ ಕೊನೇಲಿ ನೋಡೋದು ನೀವೇ."

ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಮುಂದಿನ ವರ್ಷವೆಲ್ಲ ಅವನ ಪ್ರಶ್ನೆಗಳನ್ನು ಅಕ್ಷರ ಬಿಡದೆ ಓದಿದೆ, ಕಂಡ ತಪ್ಪನ್ನೆಲ್ಲ ಹೇಳಿದೆ. ಒಂದೂ ತಪ್ಪು ಸಿಗದ ದಿನ ನನಗೆ ಊಟ ರುಚಿಸುತ್ತಿರಲಿಲ್ಲ.